ಪೆನ್ಸಿಲಿನಲ್ಲಿ ಗೆದ್ದ ಕುದುರೆಗಳು

ನಮ್ಮ ಮನೆ ಡೊಂಬಿವಲಿ ಪೂರ್ವದಲ್ಲಿ, ಮೂರನೆಯ ಮಹಡಿಯಲ್ಲಿದೆ. ಕಟ್ಟಡಕ್ಕೆ ಲಿಫ್ಟ್ ಇಲ್ಲ. ಕೆಳಗಿನಿಂದ ಮೇಲಕ್ಕೆ ಐವತ್ತೆರಡು ಮೆಟ್ಟಿಲು. ಇದು ನಾನು ಎಣಿಸಿದ್ದಲ್ಲ, ನಾನು ಎಣಿಸುತ್ತಿದ್ದದ್ದು ಬೇರೆ ಏನೇನೋ. ಮೆಟ್ಟಿಲು ಎಣಿಸಿದವಳು ನನ್ನ ಹೆಂಡತಿ. ಅವಳ ಎರಡೂ ಮಂಡಿಗಳು ಸವೆದುಹೋಗಿವೆ. "ಹದಿನೆಂಟರ ತನಕ ಬಲಗಾಲು ಸುಮ್ಮನಿರ್ತದೆ. ಅಲ್ಲಿಂದ ಮೇಲೆ ಎರಡೂ ಸೇರಿ ಬೊಬ್ಬೆ ಹಾಕ್ತವೆ" ಎನ್ನುತ್ತಾಳೆ. ಹೀಗಾಗಿ ಕೆಲವು ವರ್ಷಗಳಿಂದ ಅವಳು ಕೆಳಗಿಳಿಯುವುದು ತಿಂಗಳಿಗೆ ಒಂದು ಸಲ, ಹೆಚ್ಚೆಂದರೆ ಎರಡು ಸಲ. ತರಕಾರಿಯವನು ಕೂಗಿದರೆ ಅಡುಗೆಮನೆಯ ಕಿಟಕಿಯಿಂದ ಹಗ್ಗ ಕಟ್ಟಿದ ಚೀಲ ಇಳಿಬಿಡುತ್ತಾಳೆ. ಅವನು ಕೊಳೆತ ಟೊಮ್ಯಾಟೊ ಹಾಕಿದರೆ ಮೇಲಿನಿಂದಲೇ ಮರಾಠಿಯಲ್ಲಿ ಬೈಯುತ್ತಾಳೆ.

ಅವಳು ಉಡುಪಿಯ ಕಡೆಯವಳು. ಮದುವೆಯಾಗಿ ಬಂದ ಎರಡನೆಯ ವರ್ಷದಿಂದ ರವಿಕೆ ಹೊಲಿಯಲು ಶುರುಮಾಡಿದಳು. ಕಾಲಿನಿಂದ ತುಳಿಯುವ ಯಂತ್ರ. ನಮ್ಮ ಮಗಳು ಅದರ ಸದ್ದಿಗೇ ನಿದ್ದೆ ಹೋಗುತ್ತಿದ್ದಳು, ಸದ್ದು ನಿಂತರೆ ಎದ್ದು ಅಳುತ್ತಿದ್ದಳು. ಕೊನೆಗೊಮ್ಮೆ ಯಂತ್ರಕ್ಕೆ ಮೋಟಾರು ಹಾಕಿಸುವ ಹೊತ್ತಿಗೆ ಮಂಡಿಗಳು ಹೋಗಿದ್ದವು. ನೆರೂಳದ ಆಸ್ಪತ್ರೆಯೊಂದರಲ್ಲಿ ಒಬ್ಬ ಯುವ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಎರಡನ್ನೂ ಬದಲಾಯಿಸಬೇಕು ಎಂದರು. ಒಂದನ್ನು ಮಾತ್ರ ಮಾಡಿದರೆ ಹಳೆಯ ಕಾಲಿನ ಭಾರವನ್ನೂ ಹೊಸ ಕಾಲೇ ಹೊತ್ತು ಬೇಗ ಕೆಡುತ್ತದೆ ಎಂದೂ ಹೇಳಿದರು. ಎರಡೂ ಮಂಡಿಗೆ ಆಗುವಷ್ಟು ಹಣ ಒಂದು ಕಾಲದಲ್ಲಿ ನಮ್ಮ ಬಳಿ ಇತ್ತು. ಅದರಲ್ಲಿ ಒಂದು ಮಂಡಿಯದನ್ನು ನಾನು ಮಹಾಲಕ್ಷ್ಮಿಯ ರೇಸಿನ ಬಯಲಿನಲ್ಲಿ ಕಳೆದುಬಿಟ್ಟಿದ್ದೆ.

ಅದನ್ನು ಹೇಗೆ ಕಳೆದೆ ಎಂದು ವಿವರಿಸಿದರೆ ಓದುವವರಿಗೆ ಬೇಸರ ಬರುತ್ತದೆ. ಕಳೆಯುವವರೆಲ್ಲ ಒಂದೇ ರೀತಿ ಕಳೆಯುತ್ತಾರೆ. ನಾನು ಮೈಸೂರಿನವನು. ಬೆಟ್ಟದ ಬುಡದಲ್ಲಿ ರೇಸ್‌ಕೋರ್ಸ್ ಇರುವ ಊರಿನಲ್ಲಿ ಹುಟ್ಟಿದವನಿಗೆ ಕುದುರೆ ಹುಚ್ಚು ಹಿಡಿಯಲೇಬೇಕೆಂದೇನೂ ಇಲ್ಲ. ನನ್ನ ಇಬ್ಬರು ಅಣ್ಣಂದಿರಿಗೆ ಹಿಡಿಯಲಿಲ್ಲ. ನನಗೆ ಹಿಡಿಯಿತು. ನವಿ ಮುಂಬಯಿಯ ಒಂದು ಫೈನಾನ್ಸ್ ಕಂಪನಿಯಲ್ಲಿ ಮೂವತ್ತು ವರ್ಷ ಬೇರೆಯವರ ಲೆಕ್ಕದಲ್ಲಿ ತಪ್ಪು ಹುಡುಕುವ ಕೆಲಸ ಮಾಡಿದೆ. ದಿನವೂ ಠಾಣೆಯಲ್ಲಿ ಗಾಡಿ ಬದಲಿಸುವಾಗ ಪುಸ್ತಕದಂಗಡಿಯಲ್ಲಿ ರೇಸ್ ಪುಸ್ತಕ ತೆಗೆದುಕೊಳ್ಳುತ್ತಿದ್ದೆ. ಯಾವ ಕುದುರೆ ಎಷ್ಟು ಭಾರ ಹೊತ್ತು ಎಷ್ಟು ದೂರ ಓಡಿತು, ಮಣ್ಣು ಹಸಿಯಾಗಿತ್ತೋ ಗಟ್ಟಿಯಾಗಿತ್ತೋ, ಸವಾರ ಯಾರು, ಬೆಳಗಿನ ಅಭ್ಯಾಸದಲ್ಲಿ ಹೇಗೆ ಓಡಿತು, ಎಲ್ಲವೂ ಅದರಲ್ಲಿರುತ್ತದೆ. ಇಷ್ಟೆಲ್ಲ ಗೊತ್ತಿದ್ದವನು ಸೋಲುವುದು ಹೇಗೆ ಎಂದು ನನಗೆ ಪ್ರತಿ ಭಾನುವಾರವೂ ಆಶ್ಚರ್ಯವಾಗುತ್ತಿತ್ತು.

ನಾನು ನಿವೃತ್ತನಾದ ವರ್ಷ ಹೆಂಡತಿಗೆ ವಿಷಯ ಗೊತ್ತಾಯಿತು. ಅವಳು ಕೂಗಾಡಲಿಲ್ಲ. ಎರಡು ದಿನ ಹೊಲಿಯುತ್ತ ಕೂತಳು. ಮೂರನೆಯ ದಿನ, "ಕಾಶಿಗೆ ಹೋಗುವ" ಎಂದಳು. ಕಾಶಿಗೆ ಹೋದವರು ತಮಗೆ ಇಷ್ಟವಾದದ್ದೊಂದನ್ನು ಅಲ್ಲಿ ಬಿಟ್ಟು ಬರಬೇಕು ಎಂಬ ಪದ್ಧತಿ ನಮ್ಮಲ್ಲಿದೆ. ಜನ ಸಾಧಾರಣವಾಗಿ ಒಂದು ಹಣ್ಣನ್ನೋ ತರಕಾರಿಯನ್ನೋ ಬಿಡುತ್ತಾರೆ, ಬಿಟ್ಟ ಮೇಲೆ ಜನ್ಮದಲ್ಲಿ ಮುಟ್ಟುವುದಿಲ್ಲ. ಚಾಲಾಕಿಗಳು ತಮಗೆ ಹೇಗೂ ಸೇರದ ಹಾಗಲಕಾಯಿ ಬಿಟ್ಟು ಬರುತ್ತಾರೆ. ನನ್ನ ಹೆಂಡತಿ ಇಂಥ ವಿಷಯಗಳಲ್ಲಿ ಚಾಲಾಕಿಯಲ್ಲ.

ಅಲ್ಲಿನ ಘಾಟಿನ ಮೆಟ್ಟಿಲುಗಳನ್ನು ಅವಳು ನಡೆದು ಇಳಿಯಲಿಲ್ಲ. ಕೂತು, ಒಂದೊಂದೇ ಮೆಟ್ಟಿಲಿಗೆ ಜಾರಿ, ಸೀರೆಯನ್ನು ಒದ್ದೆಕಲ್ಲಿಗೆ ಒರೆಸುತ್ತ ಗಂಗೆಯ ತನಕ ಬಂದಳು. ಹಿಂದಿನಿಂದ ಬಂದವರು ಸುತ್ತು ಹಾಕಿ ಹೋಗುತ್ತಿದ್ದರು. ನಾನು ಅವಳ ಚಪ್ಪಲಿ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದೆ. ಏನು ಬಿಡುತ್ತೀರಿ ಎಂದು ಘಾಟಿನ ಪುರೋಹಿತ, ಪಂಡಾ, ಹಿಂದಿಯಲ್ಲಿ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಅವಳು, "ಘೋಡೇ ಪೇ ಪೈಸಾ ಲಗಾನಾ" ಎಂದಳು. ಪಂಡಾ ಒಂದು ಗಳಿಗೆ ನನ್ನ ಮುಖ ನೋಡಿ, ಇಷ್ಟು ವರ್ಷದಲ್ಲಿ ಯಾರೂ ಕುದುರೆ ಬಿಟ್ಟಿದ್ದಿಲ್ಲ, ಯಾವುದಕ್ಕೂ ಒಂದು ಹಣ್ಣನ್ನೂ ಸೇರಿಸಿ ಎಂದ. ನಾನು ಸೀಬೆಹಣ್ಣು ಎಂದೆ. ಅವಳ ಸರದಿ ಬಂದಾಗ ಅವಳು ಬಿಟ್ಟದ್ದು ಹಲಸಿನಹಣ್ಣು. ಅವಳಿಗೆ ಅದೆಂದರೆ ಎಷ್ಟು ಜೀವ ಎಂದು ನನಗೆ ಗೊತ್ತು. ಮೇ ತಿಂಗಳಲ್ಲಿ ಊರಿಗೆ ಹೋದರೆ ಊಟ ಬಿಟ್ಟು ಅದನ್ನೇ ತಿನ್ನುತ್ತಿದ್ದಳು. "ನೀನ್ಯಾಕೆ ಅಷ್ಟು ದೊಡ್ಡದು ಬಿಟ್ಟೆ?" ಎಂದು ಬರುವಾಗ ಗಾಡಿಯಲ್ಲಿ ಕೇಳಿದೆ. "ನಿಮ್ಮದು ಗಟ್ಟಿಯಾಗಿ ನಿಲ್ಲಬೇಕಲ್ಲ ಮಾರಾಯ್ರೆ" ಎಂದಳು.

ನನ್ನದು ನಿಂತಿತು. ಇದನ್ನು ನಾನು ಎದೆ ತಟ್ಟಿ ಹೇಳಬಲ್ಲೆ. ಅವತ್ತಿನಿಂದ ಇವತ್ತಿನವರೆಗೆ ಒಂದು ರೂಪಾಯಿಯನ್ನೂ ನಾನು ಕುದುರೆಯ ಮೇಲೆ ಕಟ್ಟಿಲ್ಲ.

ಆದರೆ ನವೆಂಬರಿನಲ್ಲಿ ಮುಂಬಯಿಯ ರೇಸುಗಳು ಶುರುವಾದಾಗ ಕೈ ಸುಮ್ಮನಿರಲಿಲ್ಲ. ನಿವೃತ್ತಿಯಾದವನ ಭಾನುವಾರ ಎಷ್ಟು ಉದ್ದವಿರುತ್ತದೆ ಎಂದು ಆದವರಿಗೇ ಗೊತ್ತು. ನಾನು ಬಿಟ್ಟದ್ದು ಹಣ ಕಟ್ಟುವುದನ್ನು, ನೋಡುವುದನ್ನಲ್ಲವಲ್ಲ ಎಂದು ಸಮಾಧಾನ ಹೇಳಿಕೊಂಡು ಫೋನಿನಲ್ಲಿ ರೇಸ್ ಪುಸ್ತಕ ಓದತೊಡಗಿದೆ. ಹೆಂಡತಿಯನ್ನೂ ಕೇಳಿದೆ. ಅವಳು ಸ್ವಲ್ಪ ಯೋಚಿಸಿ, "ಕಾಗದದಲ್ಲಿ ಆಡಿದ್ರೆ ದೋಷ ಇಲ್ಲ ಕಾಣ್ತದೆ. ಟೈಂಪಾಸಿಗೆ ಎಂತಾದ್ರೂ ಬೇಕಲ್ಲ" ಎಂದಳು. ಅಡುಗೆಮನೆಯ ಗೋಡೆಯಲ್ಲಿ ಅವಳು ಹಾಲಿನ ಗುರುತು ಹಾಕುವ ದೊಡ್ಡ ಕ್ಯಾಲೆಂಡರ್ ಇತ್ತು. ಪ್ರತಿ ಭಾನುವಾರದ ಚೌಕದಲ್ಲಿ, ಆ ದಿನದ ಮುಖ್ಯ ರೇಸನ್ನು ಯಾವ ಕುದುರೆ ಗೆಲ್ಲುತ್ತದೆಂದು ಅದರ ನಂಬರನ್ನು ಪೆನ್ಸಿಲಿನಲ್ಲಿ ಬರೆಯತೊಡಗಿದೆ. ಗೆದ್ದರೆ ಅದರ ಸುತ್ತ ಕೆಂಪು ಪೆನ್ನಿನಲ್ಲಿ ಒಂದು ಸುತ್ತು.

ಮೊದಲ ಭಾನುವಾರ ಒಂದೇ ನಂಬರು ಬರೆದೆ, ಸೋತೆ. ಎರಡನೆಯ ಭಾನುವಾರ ಎರಡು ಕುದುರೆಗಳ ನಡುವೆ ಮನಸ್ಸು ಹೊಯ್ದಾಡುತ್ತಿತ್ತು, ಎರಡನ್ನೂ ಬರೆದೆ. ಒಂದು ಗೆದ್ದಿತು. ಇನ್ನೊಂದು ಅಲ್ಲಿ ಪೆಚ್ಚಾಗಿ ಕೂತಿತ್ತು, ಅದು ನನಗೆ ಸರಿಕಾಣಲಿಲ್ಲ. ಮಗಳ ಶಾಲೆಯ ಕಾಲದ ಡಬ್ಬಿಯಲ್ಲಿದ್ದ ರಬ್ಬರು ತೆಗೆದು ಅಳಿಸಿಬಿಟ್ಟೆ. ಉಳಿದದ್ದಕ್ಕೆ ಕೆಂಪು ಸುತ್ತು ಹಾಕಿ ಹೆಂಡತಿಯನ್ನು ಕರೆದೆ. "ನೋಡು, ಹೇಳಿದ್ದೆನಲ್ಲ!" ಅವಳು ಹುಳಿಗೆ ಒಗ್ಗರಣೆ ಹಾಕುತ್ತಿದ್ದವಳು ತಿರುಗಿ ನೋಡಿ, "ಅಯ್ಯೋ ಹೌದಲ್ಲ!" ಎಂದಳು. ಅವಳ ಮುಖದಲ್ಲಿ ನನ್ನ ಬಗ್ಗೆ ಅಂಥ ಮೆಚ್ಚುಗೆ ಕಂಡು ವರ್ಷಗಳಾಗಿದ್ದವು. ಅಂದಿನಿಂದ, ತೀರಾ ನಂಬಿಕೆಯಿಂದ ಒಂದೇ ನಂಬರು ಬರೆದ ಕೆಲವು ಭಾನುವಾರ ಬಿಟ್ಟರೆ, ಮೂರು ನಂಬರು ಬರೆಯುವುದು, ಫಲಿತಾಂಶ ಬಂದ ಮೇಲೆ ಎರಡನ್ನು ಅಳಿಸುವುದು ಅಭ್ಯಾಸವಾಯಿತು. ಮೂರರಲ್ಲಿ ಒಂದೂ ಗೆಲ್ಲದಿದ್ದರೆ ಮೂರನ್ನೂ ಅಳಿಸಿ, "ಇವತ್ತು ಮೈ ಸರಿಯಿಲ್ಲ, ನೋಡಲೇ ಇಲ್ಲ" ಎನ್ನುತ್ತಿದ್ದೆ. ಹಣವಿಲ್ಲದ ಆಟದಲ್ಲಿ ಮೋಸ ಮಾಡಿದರೆ ಯಾರ ಗಂಟು ಹೋಗುತ್ತದೆ ಎಂಬುದು ನನ್ನ ವಾದವಾಗಿತ್ತು. ವಾದವೇನು, ಜಂಬ. ಜೀವಮಾನವಿಡೀ ಸೋತವನಿಗೆ ತನ್ನ ಅಡುಗೆಮನೆಯ ಗೋಡೆಯ ಮೇಲಾದರೂ ಗೆಲ್ಲಬೇಕೆಂಬ ಆಸೆ.

ಹೊಸ ವರ್ಷ ಬಂದು ಹೊಸ ಕ್ಯಾಲೆಂಡರ್ ತೂಗುಹಾಕಿದಾಗ ಹಳೆಯದರ ನವೆಂಬರ್, ಡಿಸೆಂಬರ್ ಹಾಳೆಗಳನ್ನು ಅವಳೇ ಜೋಪಾನವಾಗಿ ಹರಿದು ಹೊಸದರ ಹಿಂದೆ ಸಿಕ್ಕಿಸಿದಳು. ಹಾಲಿನ ಲೆಕ್ಕಕ್ಕೆಂದು ತಿಳಿದೆ. ಬ್ಲೌಸಿನ ಅಳತೆ ಕೊಡಲು ಬಂದ ಹೆಂಗಸರಿಗೆ ಅವಳು ಆ ಕೆಂಪು ಸುತ್ತುಗಳನ್ನು ತೋರಿಸುತ್ತಿದ್ದಳು. ಒಮ್ಮೆ ಮಗಳು ಠಾಣೆಯಿಂದ ಬಂದಿದ್ದಾಗ ಅವಳಿಗೂ ತೋರಿಸಿದಳು. ನಾವು ಕನ್ನಡದಲ್ಲಿ ಮಾತಾಡಿದರೆ ಹಿಂದಿಯಲ್ಲಿ ಉತ್ತರ ಕೊಡುವ ನಮ್ಮ ಮಗಳು, "ಮಮ್ಮೀ, ಯೇ ಸಬ್ ಬಂದ್ ಕರ್‌ವಾಓ" ಎಂದು, ಇದನ್ನೆಲ್ಲ ನಿಲ್ಲಿಸಲು ತಾಯಿಗೆ ಹೇಳಿ, ನನ್ನನ್ನು ದುರುಗುಟ್ಟಿ ನೋಡಿದಳು. ನನ್ನ ಹೆಂಡತಿ ಅವಳಿಗೆ ಹೇಳಿದ ಮಾತು ನನ್ನ ಕಿವಿಗೂ ಬಿತ್ತು. "ಆಸೆ ಇದ್ದಾಗ ಅವರಿಗೆ ಕಾಣ್ತಿರಲಿಲ್ಲ. ಕಾಶಿಯಲ್ಲಿ ಬಿಟ್ಟ ಮೇಲೆ ಕಾಣ್ತದೆ. ಬಿಟ್ಟವರಿಗೇ ಅದು ಕಾಣುದು."

ನಾನು ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಹೊಗಳಿಕೆ ಕೇಳಿ ಒಳಗೊಳಗೇ ಉಬ್ಬಿದೆ. ತ್ಯಾಗ ಮಾಡಿದವನಿಗೆ ದಿವ್ಯದೃಷ್ಟಿ ಬರುತ್ತದೆಂದು ಅವಳು ನಂಬಿದ್ದರೆ ನಂಬಲಿ, ಅದರಿಂದ ಕೆಡುಕೇನು ಎಂದುಕೊಂಡೆ. ಇಷ್ಟು ವರ್ಷ ಲೆಕ್ಕದಲ್ಲಿ ತಪ್ಪು ಹುಡುಕಿದವನಿಗೆ ತನ್ನ ಮನೆಯ ಗೋಡೆಯ ಮೇಲಿನ ತಪ್ಪು ಎಲ್ಲಿಗೆ ಮುಟ್ಟುತ್ತದೆ ಎಂದು ತಿಳಿಯಲಿಲ್ಲ.

ಫೆಬ್ರವರಿಯಲ್ಲಿ ಡರ್ಬಿ ಬಂತು. ಇಡೀ ವರ್ಷದ ದೊಡ್ಡ ರೇಸು ಅದು. ಎಂದೂ ಕುದುರೆಯ ಮುಖ ನೋಡದವರೂ ಅಂದು ಒಂದು ಕೈ ನೋಡುತ್ತಾರೆ. ನನ್ನ ಹೆಂಡತಿಯ ತಮ್ಮ ವಿಠ್ಠಲವಾಡಿ ಸ್ಟೇಷನ್ನಿನ ಹತ್ತಿರ ಸಣ್ಣದೊಂದು ಸಸ್ಯಾಹಾರಿ ಹೋಟೆಲು ನಡೆಸುತ್ತಾನೆ. ಅವನಂಥ ನಾಲ್ಕೈದು ಹೋಟೆಲಿನವರು ವರ್ಷಕ್ಕೊಂದೇ ದಿನ ಗಲ್ಲಾವನ್ನು ಮ್ಯಾನೇಜರನಿಗೊಪ್ಪಿಸಿ, ಕೋಟು ಹಾಕಿಕೊಂಡು ಡರ್ಬಿ ನೋಡಲು ಹೋಗುತ್ತಾರೆ. ಹೆಚ್ಚಿನವರು ಅಲ್ಲಿಯೂ ಇಡ್ಲಿ ಹೇಗಿದೆ, ಎಷ್ಟಕ್ಕೆ ಕೊಡುತ್ತಾನೆ ಎಂದು ನೋಡುವವರೇ.

ಹಿಂದಿನ ದಿನ ಶನಿವಾರ ಸಂಜೆ ನಾನು ಕ್ಯಾಲೆಂಡರಿನ ಚೌಕದಲ್ಲಿ ನಾಲ್ಕು, ಏಳು, ಹನ್ನೊಂದು ಎಂದು ಮೂರು ನಂಬರು ಬರೆದಿದ್ದೆ. ಹೆಂಡತಿ ಚಹಾ ತಂದುಕೊಟ್ಟು, ನನ್ನೆದುರಿನ ಕುರ್ಚಿಯಲ್ಲಿ ಮೆಲ್ಲಗೆ ಕೂತಳು. ಕೂರುವಾಗ ಎರಡೂ ಕೈಯಿಂದ ಮೇಜು ಹಿಡಿದುಕೊಳ್ಳುತ್ತಾಳೆ.

"ನಾಳೆ ದೊಡ್ಡ ರೇಸಲ್ವಾ? ಯಾವುದು ಗೆಲ್ತದೆ?" ಎಂದು ಕೇಳಿದಳು.

"ನೋಡೋಣ. ಎರಡು ಮೂರು ಇವೆ."

"ಎರಡು ಮೂರು ಬೇಡ. ಒಂದೇ ಹೇಳಿ."

ಒಬ್ಬ ಹೆಂಗಸು ಹೀಗೆ ಎದುರಿಗೆ ಕೂತು ನನ್ನ ಮಾತಿಗಾಗಿ ಕಾಯುವುದು ಎಷ್ಟು ಖುಷಿ ಕೊಟ್ಟಿತೆಂದರೆ, ಗೊತ್ತಿಲ್ಲ ಎನ್ನುವ ಮಾತು ನಾಲಿಗೆಗೆ ಬರಲೇ ಇಲ್ಲ. ಚಹಾ ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ ತೆರೆದು, "ನಾಲ್ಕು" ಎಂದೆ. ಅದು ಜನರೆಲ್ಲ ಗೆಲ್ಲುತ್ತದೆಂದು ನಂಬಿದ್ದ ಕುದುರೆ. ಅದನ್ನು ಹೇಳಲು ದಿವ್ಯದೃಷ್ಟಿ ಬೇಕಿರಲಿಲ್ಲ.

"ಗ್ಯಾರಂಟಿಯಾ?"

"ನನ್ನ ಕಣ್ಣು ತಪ್ಪಿದ್ದುಂಟೇನೇ?"

"ಅದು ಗೆದ್ರೆ ಹಾಕಿದ್ದು ಎರಡರಷ್ಟು ಆಗ್ತದಾ?"

ಆಗಲಾದರೂ ನನ್ನ ಎದೆ ಧಸಕ್ಕೆನ್ನಬೇಕಿತ್ತು. ನಾನು ಮೇಷ್ಟರಂತೆ ಖುಷಿಯಿಂದ ಪಾಠ ಮಾಡಿದೆ. ಜನ ಹೆಚ್ಚು ನಂಬಿದ ಕುದುರೆಗೆ ದರ ಕಡಿಮೆ, ನಂಬದ ಕುದುರೆಗೆ ಹೆಚ್ಚು, ಈ ನಾಲ್ಕನೆಯ ನಂಬರಿಗೆ ಹಾಕಿದಷ್ಟೇ ಮತ್ತೆ ಸಿಗುತ್ತದೆ, ಅಂದರೆ ಎರಡರಷ್ಟು ಎಂದೆ. ಅವಳು ತಲೆಯಾಡಿಸಿದಳು. ಎರಡರಷ್ಟು ಎಂಬ ಮಾತನ್ನು ತನ್ನಷ್ಟಕ್ಕೆ ಇನ್ನೊಮ್ಮೆ ಹೇಳಿಕೊಂಡಳು. ಕೈಗಳು ಮಂಡಿಗಳ ಮೇಲಿದ್ದವು, ಒಂದೊಂದು ಮಂಡಿಯ ಮೇಲೆ ಒಂದೊಂದು ಕೈ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಾನು ಮಲಗುವ ಕೋಣೆಯಲ್ಲಿ ಫೋನು ಹಿಡಿದು ಕೂತೆ. ಅವಳು ಹೊರಗೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಹೊಲಿಯುವ ಸದ್ದು ಮಾತ್ರ ಇರಲಿಲ್ಲ. ಸಂಜೆ ಐದರ ಹೊತ್ತಿಗೆ ಡರ್ಬಿ ಓಡಿತು. ನಾಲ್ಕನೆಯ ನಂಬರು ಮುಕ್ಕಾಲು ದೂರದ ತನಕ ಮುಂದಿತ್ತು, ಕೊನೆಯ ತಿರುವಿನಲ್ಲಿ ಸೋತಿತು. ಸೋಲುವ ಕುದುರೆಯನ್ನು ಗುರುತಿಸಲು ನನಗೆ ಕೊನೆಯ ಗೆರೆಯ ತನಕ ಕಾಯಬೇಕಾಗಿಲ್ಲ, ಅದರ ತಲೆಯ ಓಲಾಟದಲ್ಲೇ ತಿಳಿಯುತ್ತದೆ. ಒಂದೊಂದಾಗಿ ಕುದುರೆಗಳು ಅದನ್ನು ದಾಟಿದವು. ಹೊರಗಿನ ಅಂಚಿನಿಂದ ಬಂದ ಏಳನೆಯ ನಂಬರು ಗೆದ್ದಿತು. ನಾಲ್ಕು ಐದನೆಯದಾಗಿ ಬಂತು.

ನನ್ನ ಮೂರರಲ್ಲಿ ಒಂದು ಗೆದ್ದಿತ್ತಲ್ಲ! ಡರ್ಬಿಯನ್ನೇ ಹೊಡೆದಿದ್ದೆ. ಕುಣಿಯುವ ಹಾಗಾಯಿತು. ಹಿಂದಿನ ಸಂಜೆ ಅವಳಿಗೆ ನಾಲ್ಕು ಎಂದು ಹೇಳಿದ್ದು ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಇರಲೇ ಇಲ್ಲ. ಇದನ್ನು ಯಾರೂ ನಂಬುವುದಿಲ್ಲ, ಆದರೆ ನಿಜ. ಸೀದಾ ಅಡುಗೆಮನೆಗೆ ಹೋಗಿ, ರಬ್ಬರು ತೆಗೆದು ನಾಲ್ಕನ್ನೂ ಹನ್ನೊಂದನ್ನೂ ತಿಕ್ಕಿ ಅಳಿಸಿದೆ. ಏಳರ ಸುತ್ತ ಕೆಂಪು ಪೆನ್ನಿನಲ್ಲಿ, ದೊಡ್ಡ ರೇಸೆಂದು, ಎರಡು ಸುತ್ತು ಹಾಕಿದೆ. ಅವಳನ್ನು ಕರೆಯಲು ತಿರುಗಿದರೆ ಅವಳು ಬಾಗಿಲಲ್ಲೇ ನಿಂತಿದ್ದಳು. ಒಂದು ಕೈ ಬಾಗಿಲ ಚೌಕಟ್ಟಿನ ಮೇಲೆ, ಇನ್ನೊಂದು ಕೈಯಲ್ಲಿ ಫೋನು.

"ನಿನ್ನೆ ನಾಲ್ಕು ಅಂತ ಹೇಳಿದ್ರಲ್ಲ" ಎಂದಳು.

"ಅದು ಮಾತಿಗೆ ಹೇಳಿದ್ದು ಕಣೇ. ನನ್ನ ಮನಸ್ಸಿನಲ್ಲಿದ್ದದ್ದು ಏಳೇ. ನೋಡು, ಬರೆದಿದ್ದೆನಲ್ಲ."

ಅವಳು ಕ್ಯಾಲೆಂಡರ್ ಹತ್ತಿರ ಬಂದಳು. ಬಹಳ ಹೊತ್ತು ಆ ಚೌಕವನ್ನೇ ನೋಡಿದಳು. ಅಳಿಸಿದ ಜಾಗದಲ್ಲಿ ಕಾಗದ ಸ್ವಲ್ಪ ಬೆಳ್ಳಗಾಗಿತ್ತು. "ಬೆಳಿಗ್ಗೆ ಹಾಲಿನ ಗುರುತು ಹಾಕುವಾಗ ಇಲ್ಲಿ ಮೂರಿತ್ತು" ಎಂದಳು. ಆಮೇಲೆ ಅಡುಗೆಕಟ್ಟೆಯ ಮೇಲೆ ಬಿದ್ದಿದ್ದ ರಬ್ಬರಿನ ಪುಡಿಯನ್ನು ಬೆರಳಿನಿಂದ ಒತ್ತಿ ತೆಗೆದು ನೋಡಿದಳು. "ಪ್ರತಿ ಆದಿತ್ಯವಾರ ಇಲ್ಲಿ ಇದು ಬಿದ್ದಿರ್ತಿತ್ತು. ನಾನೇ ಒರೆಸ್ತಿದ್ದೆ. ರೇಸಿನ ಮೊದಲೇ ಯೋಚನೆ ಮಾಡಿ ಒಂದನ್ನು ಇಟ್ಟುಕೊಳ್ತಾರೆ ಅಂತ ತಿಳ್ಕೊಂಡಿದ್ದೆ."

ನಾನು ಏನೋ ಹೇಳಲು ಹೋದೆ. ಅವಳು ಕೇಳಲಿಲ್ಲ.

"ತಮ್ಮ ಫೋನ್ ಮಾಡಿದ್ದ. ನಾಲ್ಕರ ಮೇಲೆ ಹಾಕಿದ್ದು ಹೋಯ್ತಂತೆ."

"ಅವನೂ ಹಾಕಿದ್ದನಾ? ಎಷ್ಟು?"

"ಅವನದ್ದಲ್ಲ. ನಂದು. ಕಾಲಿಂದು."

ಅಡುಗೆಮನೆಯಲ್ಲಿ ಒಂದೇ ಸ್ಟೂಲು. ನಾನು ಅದರ ಮೇಲೆ ಕೂತುಬಿಟ್ಟೆ. ಅವಳು ನಿಂತೇ ಇದ್ದಳು. ನಿಂತರೆ ಅವಳಿಗೆ ನೋಯುತ್ತದೆಂದು ಹೊಳೆದು ಎದ್ದು ಸ್ಟೂಲು ಕೊಡುವಷ್ಟು ಬುದ್ಧಿಯೂ ನನಗೆ ಬರಲಿಲ್ಲ. ಶುಕ್ರವಾರ ಬ್ಯಾಂಕಿಗೆ ಹೋಗಲು ಅವಳು ಮೆಟ್ಟಿಲಿಳಿದಿದ್ದಳು. ಬ್ಲೌಸಿಗೆ ಲೈನಿಂಗ್ ಬಟ್ಟೆ ತರಲು ಹೋಗುತ್ತೇನೆಂದು ನನಗೆ ಹೇಳಿದ್ದಳು. ಉಳಿದಿದ್ದ ಒಂದು ಮಂಡಿಯ ಹಣವನ್ನು ತೆಗೆದು ತಮ್ಮನಿಗೆ ಕಳಿಸಿದ್ದಳು, ಶನಿವಾರ ನಾನು ಹೇಳಿದ ನಂಬರನ್ನು ಅವನಿಗೆ ಫೋನಿನಲ್ಲಿ ತಿಳಿಸಿದ್ದಳು. ಎರಡರಷ್ಟಾದರೆ ಎರಡು ಮಂಡಿ. ಹೆಚ್ಚಿಗೆ ಒಂದು ಪೈಸೆಯೂ ಅವಳಿಗೆ ಬೇಕಿರಲಿಲ್ಲ.

"ನೀನು... ಕಾಶಿಯಲ್ಲಿ..." ಎಂದು ತೊದಲಿದೆ. ಎಂಥ ಸಮಯದಲ್ಲಿ ಎಂಥ ಮಾತು! ಆದರೂ ಅದೇ ಬಂತು.

"ಕಾಶಿಯಲ್ಲಿ ಕುದುರೆ ಬಿಟ್ಟದ್ದು ನೀವು" ಎಂದಳು. "ನಾನು ಬಿಟ್ಟದ್ದು ಹಲಸು."

ಅವಳ ಲೆಕ್ಕದಲ್ಲಿ ತಪ್ಪಿರಲಿಲ್ಲ. ಬಿಟ್ಟವನು ಆರಿಸುತ್ತಾನೆ, ಆಡಲಾರ. ಬಿಡದವಳು ಆಡಬಹುದು. ಬಿಟ್ಟವನ ಕಣ್ಣು ಸುಳ್ಳು ಹೇಳುವುದಿಲ್ಲ. ಈ ಕೊನೆಯ ಮಾತೊಂದನ್ನು ಬಿಟ್ಟರೆ ಎಲ್ಲವೂ ಸರಿಯಿತ್ತು.

"ಎಲ್ಲವೂ ಹೀಗೆಯಾ?" ಎಂದು ಕೇಳಿದಳು. ಕ್ಯಾಲೆಂಡರಿನ ಹಿಂದಿನಿಂದ ಹಳೆಯ ಎರಡು ಹಾಳೆಗಳನ್ನು ತೆಗೆದು ಕಟ್ಟೆಯ ಮೇಲೆ ಹರಡಿದಳು. ಕೆಂಪು ಸುತ್ತುಗಳು ಸಾಲಾಗಿ ಕೂತಿದ್ದವು.

"ಎಲ್ಲ ಅಲ್ಲ" ಎಂದೆ.

"ಯಾವುದು ಖರೆ?"

ನಾನು ಹಾಳೆಗಳನ್ನು ನೋಡಿದೆ. ದೇವರಾಣೆಗೂ ನನಗೆ ಗೊತ್ತಾಗಲಿಲ್ಲ. ಅಳಿಸಿ ಅಳಿಸಿ ಯಾವುದು ನನ್ನ ಒಂದೇ ಆಯ್ಕೆಯಾಗಿತ್ತು, ಯಾವುದು ಮೂರರಲ್ಲಿ ಒಂದಾಗಿತ್ತು ಎಂಬುದು ನನಗೇ ಮರೆತುಹೋಗಿತ್ತು. ಅವಳು ಹಾಳೆಗಳನ್ನು ಮಡಚಿ, ಹಳೆಯ ಪೇಪರಿನ ಜೊತೆ ರದ್ದಿಗೆ ಇಟ್ಟಳು. ಆಮೇಲೆ ಅನ್ನಕ್ಕೆ ಅಕ್ಕಿ ತೊಳೆದಳು.

ಅದಾದ ಮೇಲೆ ದೊಡ್ಡ ಜಗಳವೇನೂ ಆಗಲಿಲ್ಲ. ಜಗಳವಾಡಿದ್ದರೆ ನಾನು ಅವಳ ಕಾಲು ಹಿಡಿಯಬಹುದಿತ್ತು, ಅಳಬಹುದಿತ್ತು. ಅವಳು ಎಂದಿನಂತೆ ಚಹಾ ಕೊಟ್ಟಳು, ಮಾತ್ರೆ ನೆನಪಿಸಿದಳು. ಆ ವಾರ ನನಗೆ ಬಂದ ಒಂದು ಯೋಚನೆಯನ್ನೂ ಇಲ್ಲಿ ಬರೆದುಬಿಡುತ್ತೇನೆ. ಸೀಸನ್ನು ಮುಗಿಯಲು ಇನ್ನೂ ಸಮಯವಿತ್ತು. ಎಲ್ಲಿಂದಲಾದರೂ ಒಂದಿಷ್ಟು ತಂದು ಒಂದೇ ಒಂದು ಸಲ ಆಡಿದರೆ ಹೋದದ್ದನ್ನು ಗೆದ್ದು ಅವಳ ಮುಂದಿಡಬಹುದು ಎಂದು ಎರಡು ದಿನ ಯೋಚಿಸಿದೆ. ಗಂಗೆಯಲ್ಲಿ ನಿಂತು ಬಿಟ್ಟವನ ತಲೆಯಲ್ಲಿ ಹುಟ್ಟಿದ ಯೋಚನೆ ಇದು. ಆಡಲಿಲ್ಲ. ಆಡದಿದ್ದದ್ದು ನಿಷ್ಠೆಯಿಂದಲ್ಲ, ಕೊಡುವವರು ಯಾರೂ ಇರಲಿಲ್ಲ. ಅವಳ ಆಪರೇಷನ್ನಿಗೆ ಮನೆ ಮಾರೋಣವೆಂದರೆ ನಮ್ಮ ಕಟ್ಟಡವನ್ನು ಕೆಡವಿ ಕಟ್ಟುವ ವಿಷಯದಲ್ಲಿ ಸೊಸೈಟಿಯವರು ಕೋರ್ಟಿನಲ್ಲಿದ್ದಾರೆ, ಕೊಳ್ಳುವವರಿಲ್ಲ. ಮಗಳಿಗೆ ತನ್ನ ಮನೆಯ ಕಂತುಗಳೇ ತಲೆಯ ಮೇಲಿವೆ. ಆದರೂ ಅವಳು ಲೋನ್ ತೆಗೆಯುತ್ತೇನೆಂದಳು. ತಾಯಿ ಬೇಡವೆಂದಳು. "ನನಗಿನ್ನು ಎಲ್ಲಿಗೆ ಹೋಗ್ಲಿಕ್ಕುಂಟು?" ಎಂದು ನಕ್ಕಳು. ಆ ನಗೆ ನನಗೆ ಸಹಿಸಲಾಗಲಿಲ್ಲ, ಬಾಲ್ಕನಿಗೆ ಹೋಗಿ ನಿಂತೆ.

ಈಗ ಅವಳು ಕೆಳಗಿಳಿಯುವುದೇ ಇಲ್ಲ. ಸಂಜೆ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಸ್ಟೇಷನ್ನಿನ ಕಡೆಯಿಂದ ಬರುವ ಜನರನ್ನು ನೋಡುತ್ತಾಳೆ. ಅವರು ಚೀಲ ಹಿಡಿದು ಅವಸರದಲ್ಲಿ ನಡೆಯುವುದನ್ನು ಅವಳು ನೋಡುವ ರೀತಿಯನ್ನು ನಾನು ಒಳಗಿನಿಂದ ನೋಡುತ್ತೇನೆ.

ಮೇ ತಿಂಗಳಲ್ಲಿ ಅವಳ ತಮ್ಮ ಬಂದ. ಡರ್ಬಿಯ ನಂತರ ಅವನು ಮುಖ ತೋರಿಸಿರಲಿಲ್ಲ. ಹೆಗಲ ಮೇಲೆ ಗೋಣಿಯಲ್ಲಿ ಸುತ್ತಿದ ಒಂದು ದೊಡ್ಡ ಹಲಸಿನಹಣ್ಣು ಹೊತ್ತುಕೊಂಡು, ಏದುಸಿರು ಬಿಡುತ್ತ ಮೇಲೆ ಬಂದು, "ಊರಿಂದ ಬಂತು ಭಾವ, ನಿಮಗೂ ಮಗಳಿಗೂ ಅಂತ ತಂದೆ" ಎಂದ. ಅಕ್ಕನ ಮುಖ ನೋಡಲು ಹೆದರುತ್ತಿದ್ದ. ಅವಳು ತಿನ್ನುವುದಿಲ್ಲವೆಂದು ಅವನಿಗೂ ಗೊತ್ತಿತ್ತು. ಕಾಫಿ ಕುಡಿದು, ಹೋಟೆಲಿನಲ್ಲಿ ಕೆಲಸವಿದೆಯೆಂದು ಬೇಗ ಎದ್ದುಹೋದ.

ಅವನು ಹೋದ ಮೇಲೆ ಅವಳು, "ಚೂರಿಯೂ ತೆಂಗಿನೆಣ್ಣೆಯೂ ತನ್ನಿ" ಎಂದಳು. ನಮಗಾಗಿ ಬಿಡಿಸಿ ಕೊಡುತ್ತಾಳೆಂದು ತಿಳಿದೆ. ಮೇಜಿನ ಮೇಲೆ ಪೇಪರು ಹಾಸಿ, ಕೈಗೆ ಎಣ್ಣೆ ಸವರಿಕೊಂಡು, ಹಣ್ಣನ್ನು ಸೀಳಿದಳು. ವಾಸನೆ ಇಡೀ ಮನೆ ತುಂಬಿತು. ಒಂದು ತೊಳೆ ಬಿಡಿಸಿದಳು, ಬೀಜ ತೆಗೆದಳು, ಬಾಯಿಗೆ ಹಾಕಿಕೊಂಡಳು.

"ಏಯ್!" ಎಂದು ಕೂಗಿದೆ. "ಕಾಶಿಯಲ್ಲಿ ಬಿಟ್ಟದ್ದಲ್ವೇನೇ ಅದು?"

ಅವಳು ಜಗಿಯುವುದನ್ನು ನಿಲ್ಲಿಸಲಿಲ್ಲ. ಎರಡನೆಯ ತೊಳೆ ಬಿಡಿಸುತ್ತ, ಸಿಟ್ಟಿಲ್ಲದ ಧ್ವನಿಯಲ್ಲಿ ಹೇಳಿದಳು. "ನಾನದನ್ನು ಬಿಟ್ಟದ್ದು ನಿಮ್ಮದು ನಿಲ್ಲಲಿ ಅಂತ. ನಿಮ್ಮದು ನಿಂತಿರಲೇ ಇಲ್ಲ. ಮತ್ತೆ ನನ್ನದು ಯಾಕೆ?"

ಒಂದು ರೂಪಾಯಿಯನ್ನೂ ಕಟ್ಟಿಲ್ಲ ಎಂದು ನಾನು ಎದೆ ತಟ್ಟಿ ಹೇಳಬಹುದಿತ್ತು. ಆ ಎದೆಯೇ ಇರಲಿಲ್ಲ. ಅವಳು ಹತ್ತೋ ಹದಿನೈದೋ ತೊಳೆ ತಿಂದಳು, ಹಸಿದವಳಂತೆ ಅಲ್ಲ, ಹಳೆಯ ಬಾಕಿ ಕೆಲಸವೊಂದನ್ನು ಮುಗಿಸುವವಳಂತೆ. ತಿನ್ನುತ್ತ ತಿನ್ನುತ್ತ ಅವಳ ಕಣ್ಣಲ್ಲಿ ನೀರು ಬಂತು. ಕೈಯೆಲ್ಲ ಮೇಣವಾದ್ದರಿಂದ ಒರೆಸಿಕೊಳ್ಳಲಾಗಲಿಲ್ಲ, ಹಾಗೇ ಬಿಟ್ಟಳು. ನಾನು ಒರೆಸಲು ಹೋಗಲಿಲ್ಲ. ಧೈರ್ಯವಾಗಲಿಲ್ಲ.

ತಿಂದಾದ ಮೇಲೆ ಸಿಪ್ಪೆಯನ್ನೆಲ್ಲ ಪೇಪರಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, "ಇದನ್ನು ಕೆಳಗೆ ಹಾಕಿ ಬನ್ನಿ, ಇಲ್ಲಿಟ್ರೆ ನೊಣ ಬರ್ತದೆ" ಎಂದಳು. ಬಾಗಿಲ ತನಕ ಹೋದವನನ್ನು ಮತ್ತೆ ಕರೆದಳು. "ಬರುವಾಗ ಪೇರಳೆ ತನ್ನಿ."

ಪೇರಳೆ ಎಂದರೆ ಅವರ ಕಡೆ ಸೀಬೆಹಣ್ಣು. ನಾನು ಬಿಟ್ಟು ಬಂದ ಹಣ್ಣು.

"ಯಾರಿಗೆ?" ಎಂದೆ.

"ನಿಮಗೇ. ಇನ್ನು ತಿಂದ್ರೆ ಎಂತ, ಬಿಟ್ರೆ ಎಂತ."

ಕೆಳಗೆ ಸಿಪ್ಪೆ ಹಾಕಿ, ಮೂಲೆಯ ಕೈಗಾಡಿಯವನ ಹತ್ತಿರ ಹೋದೆ. ಅವನು ಹಣ್ಣನ್ನು ನಾಲ್ಕು ಸೀಳು ಮಾಡಿ, ಉಪ್ಪುಖಾರ ಹಚ್ಚಲೇ ಎಂದು ಕೇಳಿದ. ಹಚ್ಚು ಎಂದೆ. ಪೊಟ್ಟಣ ಹಿಡಿದುಕೊಂಡು ಮೆಟ್ಟಿಲು ಹತ್ತಿದೆ. ಅಂದು ಮೊದಲ ಬಾರಿಗೆ ಎಣಿಸಿದೆ. ಐವತ್ತೆರಡೇ ಇದ್ದವು. ನನ್ನ ಮಂಡಿಗಳು ಚೆನ್ನಾಗಿವೆ, ಎಲ್ಲಿಯೂ ನಿಲ್ಲಬೇಕಾಗಲಿಲ್ಲ.